ಮೊದಲ ಊಹೆ

ವಾರಿಜ ಬರೆದ ಲೆಕ್ಕದಿಂದ ಅದುವರೆಗೆ ನಲವತ್ತಕ್ಕೂ ಹೆಚ್ಚು ಜನಕ್ಕೆ ಮಾತು ಮರಳಿ ಬಂದಿತ್ತು. ಅವಳ ಗಂಡನ ಸರದಿ ಬಂದಾಗ ಮಾತ್ರ ಆ ಲೆಕ್ಕ ಕೂರಲಿಲ್ಲ.

ಮೈಸೂರಿನ ಹೊರವಲಯದ ವಾಕ್ ಸಂಶೋಧನಾ ಕೇಂದ್ರದಲ್ಲಿ ಆ ಬೆಳಿಗ್ಗೆ ಅವಳ ಗಂಡ ಚಿದಂಬರ ಗಾಲಿ ಕುರ್ಚಿಯಲ್ಲಿ ಒರಗಿ ಕೂತಿದ್ದ. ತಲೆಗೆ ಬಿಳಿ ಟೋಪಿ, ಅದರಿಂದ ಹೊರಟ ಕೂದಲೆಳೆಯಂಥ ನೂರಾರು ತಂತಿ. ಎದುರಿಗೆ ಅಂಥದ್ದೇ ಟೋಪಿ ಹಾಕಿಕೊಂಡು ವಾರಿಜ ಕೂತಿದ್ದಳು. ಹೊರಗೆ ಮಳೆಯಾ ಬಿಸಿಲಾ ಎಂದು ಡಾಕ್ಟರ್ ಜಬೀವುಲ್ಲಾ ಚಿದಂಬರನನ್ನು ಕೇಳಿದರು. ಪರದೆಯ ಮೇಲೆ ತಪ್ಪಿನ ಅಂಕಿ ಸುತ್ತಿನಿಂದ ಸುತ್ತಿಗೆ ಇಳಿಯಬೇಕಿತ್ತು. ಅದು ಏರಿತು, ಮುಂದಿನ ಸುತ್ತಿನಲ್ಲಿ ಇನ್ನೂ ಏರಿತು. ಕೊನೆಗೆ ಯಂತ್ರವೇ ಕೈಚೆಲ್ಲಿ ಪರದೆಯ ಮೇಲೊಂದು ಕೆಂಪು ಗೆರೆ ಎಳೆದು ನಿಂತುಬಿಟ್ಟಿತು. ವಾರಿಜ ತಂತಿಗಳನ್ನು ನೋಡಿದಳು, ಮತ್ತೊಮ್ಮೆ ಮಾಡಿಸಿದಳು, ಪ್ರಶ್ನೆ ಬದಲಾಯಿಸಿದಳು. ಪ್ರತಿ ಸಲವೂ ಅದೇ ಕೆಂಪು ಗೆರೆ.

ಚಿದಂಬರನ ಮಿದುಳಿಗೆ ರಕ್ತ ಹರಿಯುವುದು ತಪ್ಪಿ ಬಲಭಾಗ ಬಿದ್ದುಹೋಗಿತ್ತು, ಮಾತು ನಿಂತಿತ್ತು. ಯೋಚನೆಗೇನೂ ಆಗಿರಲಿಲ್ಲ. ಯೋಚನೆಯಿಂದ ನಾಲಿಗೆಗೆ ಹೋಗುವ ದಾರಿ ಕಡಿದಿತ್ತು, ಅಷ್ಟೇ. ಅಂಥವರ ತಲೆಬುರುಡೆಯ ಹೊರಗೆ ಸಿಗುವ ಕ್ಷೀಣ ಸಂಕೇತಗಳಿಂದ ಒಳಗಿನ ಮಾತನ್ನು ಕಂಡುಹಿಡಿದು ಧ್ವನಿವರ್ಧಕದಲ್ಲಿ ನುಡಿಸುವುದು ಈ ಟೋಪಿಯ ಕೆಲಸ. ಹೇಗೆಂದು ಯಾರಾದರೂ ಕೇಳಿದರೆ ವಾರಿಜ ಸಾರಿನ ಉದಾಹರಣೆ ಕೊಡುತ್ತಿದ್ದಳು. ಪಕ್ಕದ ಮನೆಯಲ್ಲಿ ಸಾರು ಕುದಿಯುತ್ತಿದೆ, ನೀವು ಬೀದಿಯಲ್ಲಿ ನಿಂತಿದ್ದೀರಿ. ಬರೀ ವಾಸನೆ ಹಿಡಿದು ಕೊತ್ತಂಬರಿ ಎಷ್ಟು, ಮೆಣಸೆಷ್ಟು, ಇಂಗೆಷ್ಟು ಎಂದು ಹೇಳಬೇಕು. ಎಲ್ಲವೂ ಒಂದರೊಳಗೊಂದು ಬೆರೆತಿದೆ. ಇಂಗು ಎರಡರಷ್ಟು ಹಾಕಿದರೆ ವಾಸನೆ ಎರಡರಷ್ಟೇ ಆಗುವುದಿಲ್ಲ, ಬೇರೆಯದನ್ನೆಲ್ಲ ಮುಚ್ಚಿಬಿಡುತ್ತದೆ. ಅರೇಖೀಯ ಅನುಕಲ ಸಮೀಕರಣ ಎಂದು ಗಣಿತದವರು ಕರೆಯುವುದು ಇಂಥದ್ದನ್ನೇ. ಅದನ್ನು ಬಿಡಿಸಲು ನೇರವಾದ ಸೂತ್ರವಿಲ್ಲ. ಮೊದಲು ಒಂದು ಊಹೆ ಮಾಡಬೇಕು. ಊಹೆ ನಿಜವಾಗಿದ್ದರೆ ಟೋಪಿ ಏನು ತೋರಿಸಬೇಕಿತ್ತೆಂದು ಲೆಕ್ಕ ಹಾಕಿ, ಅದು ನಿಜಕ್ಕೂ ತೋರಿಸಿದ್ದರ ಜೊತೆ ಹೋಲಿಸಿ, ಊಹೆಯನ್ನು ತಿದ್ದಬೇಕು. ಮತ್ತೆ ಲೆಕ್ಕ, ಮತ್ತೆ ತಿದ್ದುಪಡಿ. ಮೊದಲ ಊಹೆ ಉತ್ತರಕ್ಕೆ ಹತ್ತಿರವಿದ್ದರೆ ತಪ್ಪು ಸರಸರ ಇಳಿದು ನಾಲ್ಕಾರು ಸುತ್ತಿನಲ್ಲಿ ಲೆಕ್ಕ ಕೂರುತ್ತದೆ. ದೂರವಿದ್ದರೆ ತಿದ್ದಿದಷ್ಟೂ ಕೆಡುತ್ತದೆ.

ಆ ಮೊದಲ ಊಹೆಯನ್ನು ಇನ್ನೊಂದು ಮಿದುಳಿನಿಂದ ತೆಗೆದುಕೊಳ್ಳಬಹುದು ಎನ್ನುವುದೇ ವಾರಿಜ ಕಂಡುಕೊಂಡ ದಾರಿ. ರೋಗಿಯನ್ನು ಚೆನ್ನಾಗಿ ಬಲ್ಲವರೊಬ್ಬರು ಎರಡನೆಯ ಟೋಪಿ ಹಾಕಿಕೊಂಡು ಅದೇ ಪ್ರಶ್ನೆ ಕೇಳಿಸಿಕೊಂಡರೆ, ಅವರ ತಲೆಯಲ್ಲಿ ಏಳುವ ಅಲೆ ರೋಗಿಯ ತಲೆಯ ಅಲೆಗೆ ಹತ್ತಿರವಿರುತ್ತದೆ. ಅವರನ್ನು ಜೊತೆಗಾರ ಎನ್ನುತ್ತಿದ್ದರು. ಕೆಲವು ವಾರ ಜೊತೆಗಾರರಿಂದ ಶುರು ಮಾಡಿದರೆ ಸಾಕು, ಆಮೇಲೆ ಯಂತ್ರ ತಾನೇ ನಿನ್ನೆಯ ಉತ್ತರವನ್ನು ಇವತ್ತಿನ ಊಹೆ ಮಾಡಿಕೊಂಡು ಮುಂದೆ ಹೋಗುತ್ತದೆ.

ಯಾರು ಯಾರಿಗೆ ಜೊತೆಗಾರರಾಗುತ್ತಾರೆ ಎನ್ನುವುದು ಮೈಸೂರಿನಲ್ಲಿ ದೊಡ್ಡ ಮಾತಾಗಿತ್ತು. ಅಕ್ಕಿ ಗಿರಣಿಯ ಯಜಮಾನರೊಬ್ಬರಿಗೆ ಹೆಂಡತಿ ಮಕ್ಕಳು ಯಾರೂ ಆಗದೆ ಕಾರು ಓಡಿಸುವವನು ಆಗಿಬಂದ. ಅಜ್ಜಿಯೊಬ್ಬರಿಗೆ, ನಲ್ಲಿ ನೀರಿಗಾಗಿ ದಿನಾ ಜಗಳವಾಡುತ್ತಿದ್ದ ಎದುರು ಮನೆಯಾಕೆ. ಮದುವೆ ಮನೆಗಳಲ್ಲಿ ಜನ ತಮಾಷೆಗೆಂದು ಶುರುಮಾಡಿ, ನಿಮಗೇನಾದರೂ ಆದರೆ ಟೋಪಿ ಯಾರು ಹಾಕಿಕೊಳ್ಳಬೇಕು ಎಂದು ಕೇಳಿ ಮುಖ ಊದಿಸಿಕೊಂಡು ಏಳುತ್ತಿದ್ದರು. ಗಂಡ ತನ್ನ ಅತ್ತಿಗೆಯ ಟೋಪಿಯಿಂದ ಮಾತಾಡಿದ್ದಕ್ಕೆ ಕಾರಿಡಾರಿನಲ್ಲಿ ಕೂತು ಅತ್ತ ಹೆಂಗಸಿಗೆ ವಾರಿಜ ಒಮ್ಮೆ ಸಮಾಧಾನ ಹೇಳಿದ್ದಳು. ಇದು ಬರೀ ಲೆಕ್ಕ ಕಣಮ್ಮ, ಪ್ರೀತಿಗೂ ಇದಕ್ಕೂ ಸಂಬಂಧವಿಲ್ಲ ಎಂದಿದ್ದಳು. ಆ ಹೆಂಗಸು ಅವಳನ್ನು ಯಾಕೆ ಹಾಗೆ ದುರುಗುಟ್ಟಿಕೊಂಡು ನೋಡಿದಳೆಂದು ಆಗ ಅರ್ಥವಾಗಿರಲಿಲ್ಲ.

ವಾರಿಜಳ ನಂತರ ಚಿದಂಬರನ ಅಕ್ಕ ಟೋಪಿ ಹಾಕಿಕೊಂಡರು. ಅದೂ ಆಗಲಿಲ್ಲ. ದಿನ ಕಳೆದಷ್ಟೂ ಬಳಸದ ದಾರಿಗಳು ಮಿದುಳಿನೊಳಗೆ ಮುಚ್ಚಿಹೋಗುತ್ತವೆ, ಬೇಗ ಯಾರಾದರೂ ಸಿಗಬೇಕು ಎಂದು ಜಬೀವುಲ್ಲಾ ಅವಸರಪಡಿಸುತ್ತಿದ್ದರು. ಅಷ್ಟರಲ್ಲಿ ಫಿಲೋಮಿನಾ ನೋಡಲು ಬಂದಳು.

ಚಿದಂಬರ ರೇಡಿಯೋ ಉದ್ಘೋಷಕ. ಬೆಳಗಿನ ಹರಟೆ ಕಾರ್ಯಕ್ರಮವನ್ನು ಅವನೂ ಫಿಲೋಮಿನಾಳೂ ಹತ್ತೊಂಬತ್ತು ವರ್ಷದಿಂದ ಜೊತೆಯಾಗಿ ನಡೆಸಿಕೊಂಡು ಬಂದಿದ್ದರು. ಅವನು ಅರ್ಧ ಹೇಳಿದ್ದನ್ನು ಅವಳು ಮುಗಿಸುವುದು, ಅವಳು ನಗುವ ಮೊದಲೇ ಅವನು ನಗುವುದು, ಇದನ್ನು ಕೇಳಲೆಂದೇ ಜನ ರೇಡಿಯೋ ಹಾಕುತ್ತಿದ್ದರು. ವಾರಿಜ ಕೇಳುತ್ತಿದ್ದದ್ದು ಕಡಿಮೆ. ಆ ಹೊತ್ತಿಗೆ ಅವಳು ಕೇಂದ್ರದ ಬಸ್ಸಿನಲ್ಲಿ ಯಾವುದೋ ಸಮೀಕರಣದ ಬೆನ್ನು ಹತ್ತಿರುತ್ತಿದ್ದಳು. ಫಿಲೋಮಿನಾ ಐವತ್ತರ ಆಸುಪಾಸಿನ, ದಪ್ಪ ಕನ್ನಡಕದ, ಮೂಸಂಬಿ ಚೀಲ ಹಿಡಿದು ಬಂದ ಸಾಧಾರಣ ಹೆಂಗಸು. ಒಂದು ಸಲ ಟೋಪಿ ಹಾಕಿಕೊಳ್ಳುತ್ತೀರಾ ಎಂದು ಡಾಕ್ಟರ್ ಕೇಳಿದರು. ಅವಳು ವಾರಿಜಳ ಮುಖ ನೋಡಿದಳು. ವಾರಿಜ ಹೂಂ ಎಂದಳು. ಬೇರೆ ಏನು ತಾನೇ ಹೇಳುವುದಕ್ಕಿತ್ತು?

ಅಂಕಿ ಇಳಿಯಿತು. ಕಲ್ಲು ಬಾವಿಗೆ ಬಿದ್ದ ಹಾಗೆ ಇಳಿಯಿತು. ಐದನೆಯ ಸುತ್ತಿಗೆ ಹಸಿರು ದೀಪ ಹತ್ತಿ, ಹಳೆಯ ಧ್ವನಿಮುದ್ರಣಗಳಿಂದ ಕಟ್ಟಿದ್ದ ಚಿದಂಬರನ ದನಿ ಕೋಣೆಯಲ್ಲಿ ಕೇಳಿಸಿತು.

"ಫಿಲೋಮಿನಾ, ಕನ್ನಡಕ ಬದಲಾಯಿಸಿದ್ರಾ? ಹಳೇದೇ ಚೆನ್ನಾಗಿತ್ತು."

ಡಾಕ್ಟರ್ ಚಪ್ಪಾಳೆ ತಟ್ಟಿದರು. ಫಿಲೋಮಿನಾ ಅತ್ತುಬಿಟ್ಟಳು. ವಾರಿಜಳೂ ಅತ್ತಳು. ಆದರೆ ಆ ಅಳುವಿನೊಳಗೆ ಮುಳ್ಳಿನಂಥದ್ದೇನೋ ಇತ್ತು. ಅಷ್ಟು ದಿನ ಮೂಕನಾಗಿದ್ದವನಿಗೆ ಬಾಯಿ ಬಂದಾಗ ಮೊದಲು ನೆನಪಾದದ್ದು ಇವಳ ಕನ್ನಡಕ!

ಮರುವಾರ ಅವನನ್ನು ಕುವೆಂಪುನಗರದ ಮನೆಗೆ ಕರೆತಂದರು. ಯಂತ್ರವೂ ಬಂತು, ದಿನಾ ಹತ್ತು ಗಂಟೆಗೆ ಫಿಲೋಮಿನಾಳೂ ಬರತೊಡಗಿದಳು. ನಡುಮನೆಯಲ್ಲಿ ಇಬ್ಬರೂ ಟೋಪಿ ಹಾಕಿಕೊಂಡು ಎದುರುಬದುರು ಕೂರುತ್ತಿದ್ದರು. ವಾರಿಜ ಕಾಫಿ ತಂದಿಡುತ್ತಿದ್ದಳು. ಹೌದೆಂದು ಕೈ ಒತ್ತುವುದೊಂದನ್ನು ಬಿಟ್ಟರೆ, ಗಂಡನ ಜೊತೆ ಅವಳು ಏನು ಮಾತಾಡಬೇಕೆಂದರೂ ಫಿಲೋಮಿನಾ ಅಲ್ಲಿರಲೇಬೇಕು. ಎಲ್ಲಿ ನೋಯುತ್ತಿದೆ ಎಂದು ಕೇಳಿದರೆ ಆ ಪ್ರಶ್ನೆ ಫಿಲೋಮಿನಾಳ ತಲೆಯನ್ನೂ ಹಾಯ್ದು ಹೋಗಬೇಕು, ಉತ್ತರ ಅವಳಿಂದ ಹೊರಟು ಬರಬೇಕು. ಒಮ್ಮೆ ಅವನ ಕೈ ಹಿಡಿದು, ನನಗೆ ತುಂಬಾ ಭಯವಾಗಿತ್ತು ರೀ, ಎಂದು ಹೇಳಲು ಬಾಯಿ ತೆರೆದವಳು, ಎದುರಿಗಿದ್ದ ಕನ್ನಡಕ ಕಂಡು, ಮಧ್ಯಾಹ್ನಕ್ಕೆ ಗಂಜಿ ಮಾಡಲಾ ಎಂದು ಕೇಳಿದಳು.

ಅವರಿಬ್ಬರ ಮಾತು ಮಾತ್ರ ಹೊಳೆಯ ಹಾಗೆ ಹರಿಯುತ್ತಿತ್ತು. ಯಾವ ಕೇಳುಗರು ಫೋನು ಮಾಡಿದ್ದರು, ಹೊಸ ನಿರ್ದೇಶಕರು ಹೇಗೆ ಸೀನುತ್ತಾರೆ, ಯಾವ ಹಾಡಿನ ಮಧ್ಯೆ ಕರೆಂಟು ಹೋಗಿತ್ತು. ಚಿದಂಬರನ ಮುಖದ ಅರ್ಧಭಾಗ ನಗುತ್ತಿತ್ತು. ಅಡುಗೆಮನೆಯಲ್ಲಿ ನಿಂತು ಕೇಳುವಾಗ ವಾರಿಜಳಿಗೆ ಎದೆಯೊಳಗೆ ಹಸಿಮೆಣಸಿನಕಾಯಿ ಅರೆದಂತಾಗುತ್ತಿತ್ತು. ಮನೆಯಲ್ಲಿ ಇವನು ಹೀಗೆ ಮಾತಾಡಿದ್ದು ಯಾವಾಗ? ಕೆಲಸದಿಂದ ಬಂದು ವರಾಂಡದ ಬೆಂಚಿನ ಮೇಲೆ ಕೂತರೆ ಮುಗಿಯಿತು. ಅವಳೂ ಪಕ್ಕದಲ್ಲಿ ಕೂರುತ್ತಿದ್ದಳು, ಇಬ್ಬರೂ ಬೀದಿ ನೋಡುತ್ತಿದ್ದರು. ಆ ಮೌನ ತಮ್ಮದೊಂದು ಸುಖವೆಂದು ಅವಳು ತಿಳಿದಿದ್ದಳು. ಮಾತೆಲ್ಲ ಬೇರೆ ಕಡೆ ಖರ್ಚಾಗಿ ಅಳಿದುಳಿದದ್ದು ತನ್ನ ಪಾಲಿಗೆ ಬರುತ್ತಿತ್ತೇನೋ ಎಂದು ಈಗ ಅನ್ನಿಸತೊಡಗಿತು. ಅನ್ನಿಸಿದ್ದು ಹೋಗಲಿಲ್ಲ. ಫಿಲೋಮಿನಾ ಮುಟ್ಟಿದ ಲೋಟ ತೊಳೆಯುವಾಗಲೂ ಅದೇ, ಅವಳು ಬಿಟ್ಟುಹೋದ ಕೊಡೆ ಕಂಡಾಗಲೂ ಅದೇ.

ಒಂದು ದಿನ ಬೆಳಿಗ್ಗೆ, ಫಿಲೋಮಿನಾ ಬರುವ ಮೊದಲು, ವಾರಿಜ ಯಂತ್ರದ ಮುಂದೆ ಕೂತಳು. ತಪ್ಪು ಎಷ್ಟಕ್ಕಿಂತ ಕಡಿಮೆಯಾದರೆ ಲೆಕ್ಕ ಕೂತಿತೆಂದು ಒಪ್ಪಬೇಕು ಎನ್ನುವುದಕ್ಕೆ ಒಂದು ಮಿತಿಯಿದೆ. ಅದನ್ನು ಅವಳು ಯಾರೂ ಮುಟ್ಟಲಾಗದಷ್ಟು ಕೆಳಗಿಳಿಸಿದಳು. ದೀಪ ಹತ್ತದಿದ್ದರೆ ಫಿಲೋಮಿನಾ ಬೇಗ ಎದ್ದುಹೋಗುತ್ತಾಳೆ, ಒಂದೇ ದಿನ, ತಾನೂ ಅವನೂ ಮಾತ್ರ ಇರುವ ಒಂದೇ ಒಂದು ದಿನ ಬೇಕು ಎಂದು ತನಗೆ ತಾನೇ ಹೇಳಿಕೊಂಡಳು.

ಹತ್ತು ಗಂಟೆಗೆ ಇಬ್ಬರೂ ಟೋಪಿ ಹಾಕಿಕೊಂಡರು. ಅಂಕಿ ಇಳಿಯಿತು, ಆದರೆ ಹಸಿರು ದೀಪ ಹತ್ತಲಿಲ್ಲ, ಧ್ವನಿವರ್ಧಕ ಬಾಯಿ ಬಿಡಲಿಲ್ಲ. ಫಿಲೋಮಿನಾ ಮತ್ತೆ ಪ್ರಶ್ನೆ ಕೇಳಿದಳು, ಮತ್ತೂ ಕೇಳಿದಳು. ಚಿದಂಬರ ಮೊದಲು ಕಾದ. ಆಮೇಲೆ ಅವನ ಕುತ್ತಿಗೆಯ ನರ ಬಿಗಿಯಿತು, ಹಣೆ ಬೆವರಿತು. ತನ್ನ ಮಾತು ಯಾರಿಗೂ ಕೇಳಿಸುತ್ತಿಲ್ಲವೆಂದು ತಿಳಿದಾಗ ಎಡಗೈಯಿಂದ ಕುರ್ಚಿಯ ಹಿಡಿಯನ್ನು ಹೊಡೆಯತೊಡಗಿದ. ಕಣ್ಣಿನಿಂದ ನೀರು ಇಳಿದು ಗದ್ದಕ್ಕೆ ಬಂತು. ಬಿದ್ದ ದಿನ ಆಂಬುಲೆನ್ಸಿನಲ್ಲಿ ಅವಳು ನೋಡಿದ್ದ ಅದೇ ಕಣ್ಣು.

ವಾರಿಜ ಎದ್ದು ಬಂದು ಮಿತಿಯನ್ನು ಮೊದಲಿನ ಜಾಗಕ್ಕೆ ತಂದಳು. ತಂತಿ ಸಡಿಲವಾಗಿತ್ತು ಎಂದಳು. ಗಂಡನ ದನಿ ಕೋಣೆಯಲ್ಲಿ ಮತ್ತೆ ಕೇಳಿಸಿದಾಗ ಅವಳು ಅಡುಗೆಮನೆಯ ಕಟ್ಟೆ ಹಿಡಿದು ನಿಂತಿದ್ದಳು.

ಹೊರಡುವ ಮೊದಲು ಫಿಲೋಮಿನಾ ಅಲ್ಲಿಗೆ ಬಂದಳು. ತನ್ನದೇ ತಪ್ಪಿರಬೇಕು, ಬೆಳಿಗ್ಗೆ ಅಣ್ಣನ ಜೊತೆ ಸಣ್ಣ ಜಗಳವಾಗಿತ್ತು, ಮನಸ್ಸು ನೆಟ್ಟಗಿರಲಿಲ್ಲ, ಕ್ಷಮಿಸಬೇಕು ಎಂದಳು. ಅದನ್ನು ಕೇಳಿಸಿಕೊಂಡು ಸುಮ್ಮನಿರುವುದು ವಾರಿಜಳಿಂದಾಗಲಿಲ್ಲ.

"ತಂತಿಯೂ ಅಲ್ಲ, ನಿಮ್ಮ ಮನಸ್ಸೂ ಅಲ್ಲ. ಬೇಕಂತಲೇ ಮಾಡಿದ್ದು ನಾನು. ಹೊಟ್ಟೆಕಿಚ್ಚು."

ಫಿಲೋಮಿನಾ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡಳು.

"ಮೇಡಂ, ಒಂದು ಮಾತು ಹೇಳ್ತೀನಿ. ಮೈಕಿನ ಕೆಂಪು ದೀಪ ಆರಿದ ಮೇಲೆ ಚಿದಂಬರ ಸರ್ ನನ್ನ ಹತ್ರ ಒಂದು ಮಾತೂ ಆಡ್ತಿರಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಒಂದು ದಿನ ಕೂತು ಕಾಫಿ ಕುಡಿದಿಲ್ಲ. ಬ್ಯಾಗ್ ತಗೊಂಡು ಹೊರಟೇಬಿಡೋರು. ನನಗೆ ಬೇಜಾರಾಗ್ತಿತ್ತು. ಮನೇಲಿ ಅಷ್ಟೇನಿದೆ ಅಂತ."

ಅಷ್ಟು ಹೇಳಿ ಕೊಡೆ ತೆಗೆದುಕೊಂಡು ಹೊರಟುಹೋದಳು. ನಾಳೆ ಬರುತ್ತೇನೆ ಎಂದಾಗಲಿ ಬರುವುದಿಲ್ಲ ಎಂದಾಗಲಿ ಹೇಳಲಿಲ್ಲ.

ವಾರಿಜ ಕುಕ್ಕರಿನ ಮುಂದೆ ನಿಂತೇ ಇದ್ದಳು. ಹೊಟ್ಟೆಯ ಉರಿ ತಣ್ಣಗಾಯಿತೆಂದಲ್ಲ, ಆದರೆ ಅವಳೊಳಗಿನ ಗಣಿತದವಳು ಕಿವಿ ನಿಮಿರಿಸಿದ್ದಳು. ಮೈಕಿನ ಮುಂದಿನ ಚಿದಂಬರ ಒಬ್ಬ, ದೀಪ ಆರಿದ ಮೇಲಿನವನು ಇನ್ನೊಬ್ಬ. ಅರೇಖೀಯ ಸಮೀಕರಣಕ್ಕೆ ಒಂದೇ ಉತ್ತರ ಇರಬೇಕೆಂಬ ನಿಯಮವೆಲ್ಲಿದೆ? ಎಲ್ಲಿಂದ ಹೊರಟೆವು ಎನ್ನುವುದರ ಮೇಲೆ ಯಾವ ಉತ್ತರಕ್ಕೆ ತಲುಪುತ್ತೇವೆ ಎನ್ನುವುದು ನಿಂತಿರುತ್ತದೆ. ಇದನ್ನು ಅವಳು ವಿದ್ಯಾರ್ಥಿಗಳಿಗೆ ವರ್ಷವರ್ಷವೂ ಕಲಿಸಿದ್ದಳು, ರೋಗಿಗಳ ವಿಷಯದಲ್ಲಿ ಮಾತ್ರ ಮರೆತಿದ್ದಳು. ಮೊದಲು ಸಿಕ್ಕ ಉತ್ತರವೇ ಮನುಷ್ಯನೆಂದು ಎಲ್ಲರೂ ಒಪ್ಪಿಕೊಂಡಿದ್ದರು.

ಅವಳು ತನ್ನ ಹಳೆಯ ಸುತ್ತುಗಳನ್ನು ತೆರೆದು ನೋಡಿದಳು. ಅಂಕಿ ಏರಿದ್ದು ಊಹೆ ದೂರವಿದ್ದುದಕ್ಕಲ್ಲ. ಅವಳ ಊಹೆಯಿಂದ ಉತ್ತರಕ್ಕೆ ಇಳಿಯುವ ದಾರಿ ಬೆಟ್ಟದ ಇಳಿಜಾರಿನಂತೆ ಕಡಿದಾಗಿತ್ತು, ಯಂತ್ರ ಪ್ರತಿ ತಿದ್ದುಪಡಿಯಲ್ಲೂ ದೊಡ್ಡ ಹೆಜ್ಜೆ ಇಟ್ಟು ಉತ್ತರವನ್ನು ಹಾರಿ ಆಚೆ ಬೀಳುತ್ತಿತ್ತು. ಹೆಜ್ಜೆಯನ್ನು ಚಿಕ್ಕದು ಮಾಡಬೇಕು, ಹೇಳಿದ ತಿದ್ದುಪಡಿಯ ಇಪ್ಪತ್ತರಲ್ಲೊಂದು ಪಾಲು ಮಾತ್ರ ತೆಗೆದುಕೊಳ್ಳಬೇಕು. ನಿಧಾನವಾಗುತ್ತದೆ, ಆದರೆ ಬೀಳುವುದಿಲ್ಲ.

ಮರುದಿನ ಫಿಲೋಮಿನಾ ಬಂದಳು. ಬಂದು ಮೊದಲು ತಾನೇ ಟೋಪಿ ಹಾಕಿಕೊಂಡಳು. ನಿಮಗೆ ಈಗ ಏನು ಬೇಕು ಎಂದು ವಾರಿಜ ಗಂಡನನ್ನು ಕೇಳಿದಳು. ಮತ್ತೆ ಮೈಕಿನ ಮುಂದೆ ಕೂರಬೇಕು, ಜನರಿಗೆ ನಮಸ್ಕಾರ ಹೇಳಬೇಕು ಎಂದು ಉತ್ತರ ತಟ್ಟನೆ ಬಂತು. ಆಮೇಲೆ ವಾರಿಜ ತನ್ನ ಟೋಪಿ ಹಾಕಿಕೊಂಡು ಅದೇ ಪ್ರಶ್ನೆ ಕೇಳಿದಳು. ಅಂಕಿ ಆಮೆಯ ಹಾಗೆ ಇಳಿಯತೊಡಗಿತು. ಫಿಲೋಮಿನಾ ಅಡುಗೆಮನೆಗೆ ಹೋಗಿ ಅನ್ನಕ್ಕಿಟ್ಟಳು. ಅನ್ನ ಬೆಂದು, ಆರಿ, ಬಡಿಸುವ ಹೊತ್ತಾದ ಮೇಲೆ ಹಸಿರು ದೀಪ ಹತ್ತಿತು.

"ಏನೂ ಬೇಡ. ಸಾಕಾಗಿದೆ ಮಾತು. ನೀನು ಹತ್ರ ಕೂತಿರು ವಾರಿಜ."

ದನಿ ಅದೇ, ಆದರೆ ತಗ್ಗಿನಲ್ಲಿತ್ತು. ಎರಡು ಉತ್ತರವೂ ಟೋಪಿಯ ಸಂಕೇತಕ್ಕೆ ಒಂದಿಷ್ಟೂ ಹೆಚ್ಚುಕಡಿಮೆಯಿಲ್ಲದೆ ಹೊಂದುತ್ತಿದ್ದವು. ವಾರಿಜ ಎರಡನ್ನೂ ಅವನಿಗೆ ಓದಿ ಹೇಳಿ, ಯಾವುದು ನಿಜ ಎಂದು ಕೇಳಿದಳು. ಹೌದಾದರೆ ಕೈ ಒತ್ತಬೇಕು ಎನ್ನುವುದು ಆಸ್ಪತ್ರೆಯ ದಿನಗಳಿಂದಲೂ ಅವರ ರೂಢಿ. ಅವನು ಎರಡಕ್ಕೂ ಒತ್ತಿದ.

ಸುದ್ದಿ ಕೇಳಿ ಜಬೀವುಲ್ಲಾ ತಲೆಯ ಮೇಲೆ ಕೈಹೊತ್ತು ಕೂತರು. ಹಾಗಾದರೆ ಇದುವರೆಗೆ ಕಳಿಸಿಕೊಟ್ಟವರೆಲ್ಲ ಅರ್ಧರ್ಧ ಮನುಷ್ಯರೇ ಎಂದರು. ಎಲ್ಲರನ್ನೂ ವಾಪಸು ಕರೆಸಬೇಕು, ಸಣ್ಣ ಹೆಜ್ಜೆಯಲ್ಲಿ ಮನೆಯವರಿಂದ ಮತ್ತೆ ನೋಡಬೇಕು ಎಂದು ಇಬ್ಬರೂ ತೀರ್ಮಾನಿಸಿದರು. ಚಿದಂಬರನ ವಿಷಯದಲ್ಲಿ ಅಷ್ಟು ಕಾಯುವ ಹಾಗಿರಲಿಲ್ಲ. ಯಂತ್ರ ತಾನಾಗಿ ಮುಂದುವರಿಯಬೇಕಾದರೆ ಒಂದೇ ಜಾಡಿನಲ್ಲಿ ಪಳಗಬೇಕು. ಎರಡನ್ನೂ ಬೆರೆಸಿದರೆ ಈ ಉತ್ತರದಿಂದ ಆ ಉತ್ತರಕ್ಕೆ ನೆಗೆದು ಮಾತು ಚೂರುಚೂರಾಗುತ್ತದೆ. ಪ್ರಯೋಗಕ್ಕೆಂದು ಒಂದು ಸಲ ಬೆರೆಸಿ ನೋಡಿದಾಗ ಹಾಗೇ ಆಯಿತು. ಇಬ್ಬರಲ್ಲಿ ಒಬ್ಬರನ್ನು ಆರಿಸಿಕೊಳ್ಳಬೇಕು.

ಆರಿಸಬೇಕಾದವನು ಚಿದಂಬರನೇ. ಆದರೆ ಟೋಪಿಯಲ್ಲಿ ಕೇಳಿದರೆ ಫಿಲೋಮಿನಾ ಕೂತಾಗ ಒಂದು ಉತ್ತರ, ವಾರಿಜ ಕೂತಾಗ ಇನ್ನೊಂದು. ಅದಕ್ಕೇ ಇಬ್ಬರ ಟೋಪಿಯನ್ನೂ ತೆಗೆಸಿ, ಬರಿಯ ಕೈಯಿಂದ ಕೇಳುವುದೆಂದಾಯಿತು. ಫಿಲೋಮಿನಾ ತಾನು ಹೊರಗಿರುತ್ತೇನೆಂದು ವರಾಂಡಕ್ಕೆ ಹೋದಳು. ಡಾಕ್ಟರ್ ಕಿಟಕಿಯ ಹತ್ತಿರ ನಿಂತರು.

ವಾರಿಜ ಗಂಡನ ಎಡಗೈಯನ್ನು ತನ್ನೆರಡು ಕೈಗಳ ನಡುವೆ ಇಟ್ಟುಕೊಂಡಳು. ಎಲ್ಲವನ್ನೂ ಬಿಡಿಸಿ ಹೇಳಿದಳು. ತಾನು ಮಿತಿ ಇಳಿಸಿ ಅವನ ಬಾಯಿ ಕಟ್ಟಿದ್ದನ್ನೂ ಹೇಳಿದಳು. ಅವನು ಕಣ್ಣು ಮಿಟುಕಿಸದೆ ನೋಡುತ್ತಿದ್ದ.

"ನನ್ನಿಂದ ಶುರು ಮಾಡೋದಾ ರೀ?"

ಕೈ ಅಲುಗಲಿಲ್ಲ. ಅವಳು ಕಾದಳು. ಕೇಳಿಸಿರಲಿಕ್ಕಿಲ್ಲವೆಂದು ಇನ್ನೊಮ್ಮೆ ಕೇಳಿದಳು. ಅಲುಗಲಿಲ್ಲ.

"ಫಿಲೋಮಿನಾ ಅವರಿಂದ?"

ಒತ್ತಿದ. ಸಂಶಯಕ್ಕೆ ಎಡೆಯಿಲ್ಲದಂತೆ, ಬೆರಳು ನೋಯುವಷ್ಟು ಒತ್ತಿದ.

ಯಂತ್ರಕ್ಕೆ ಆ ಆಜ್ಞೆ ಕೊಟ್ಟವಳು ವಾರಿಜಳೇ. ಆದರೆ ತನ್ನ ಟೋಪಿಯನ್ನು ಪೆಟ್ಟಿಗೆಗೆ ಹಾಕುವಾಗ ತಂತಿಗಳನ್ನು ಬಿಡಿಸಲು ತಾಳ್ಮೆ ಸಾಲದೆ ಹಾಗೇ ಮುದ್ದೆ ಮಾಡಿ ತುರುಕಿದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಯಂತ್ರ ಯಾರ ಜೊತೆಯೂ ಬೇಡದಷ್ಟು ಪಳಗಿತ್ತು. ಚಿದಂಬರ ರೇಡಿಯೋಗೆ ಮರಳಿದ. ಮೊದಲ ದಿನ ವಾರಿಜ ಕೇಂದ್ರಕ್ಕೆ ಹೋಗುವ ಬಸ್ಸಿನಲ್ಲಿ ಫೋನಿನಲ್ಲೇ ರೇಡಿಯೋ ಹಾಕಿ ಕಿವಿಯ ಹತ್ತಿರ ಹಿಡಿದು ಕೇಳಿದಳು. ಅವನು ನಮಸ್ಕಾರ ಎಂದ, ಫಿಲೋಮಿನಾ ಉತ್ತರ ಕೊಡುವ ಮೊದಲೇ ನಕ್ಕ, ಅವಳೂ ನಕ್ಕಳು. ಪಕ್ಕದ ಸೀಟಿನವರು ಎಷ್ಟು ಚೆಂದ ಮಾತಾಡುತ್ತಾರಲ್ಲ ಇಬ್ಬರೂ, ಗಂಡ ಹೆಂಡತಿಯಾ ಎಂದು ಕೇಳಿದರು. ಅಲ್ಲ ಎಂದಳು ವಾರಿಜ. ಎದೆಯಲ್ಲಿ ಹಸಿಮೆಣಸಿನಕಾಯಿ ಮೊದಲಿನಷ್ಟೇ ಖಾರವಾಗಿತ್ತು. ಆದರೂ ದನಿ ಕಡಿಮೆ ಮಾಡಲಿಲ್ಲ. ಕಾರ್ಯಕ್ರಮ ಮುಗಿಯುವವರೆಗೂ ಕೇಳಿದಳು.

ಸಂಜೆ ಅವಳು ಮನೆಗೆ ಬಂದಾಗ ರೇಡಿಯೋದ ವ್ಯಾನು ಅವನನ್ನು ಇಳಿಸಿ ಹೋಗಿತ್ತು. ಈಗೀಗ ಕೋಲೂರಿ ನಡೆಯತೊಡಗಿದ್ದವನು ತಾನೇ ವರಾಂಡದವರೆಗೆ ಬಂದಿದ್ದ. ಟೋಪಿ ಇನ್ನೂ ತಲೆಯ ಮೇಲಿತ್ತು, ಯಂತ್ರದ ಹಸಿರು ದೀಪ ಉರಿಯುತ್ತಿತ್ತು. ಕಾರ್ಯಕ್ರಮ ಚೆನ್ನಾಗಿತ್ತು ಎಂದು ಅವಳು ಹೇಳಿದಳು. ಹೇಳುವಾಗ ದನಿ ಸ್ವಲ್ಪ ಒಣಗಿತ್ತು. ಅವನಿಗೆ ಅದು ತಿಳಿಯದೆ ಇರುವಂತಿರಲಿಲ್ಲ.

ಅವನು ಉತ್ತರ ಕೊಡಬಹುದಿತ್ತು. ಒಂದು ಕ್ಷಣ ಧ್ವನಿವರ್ಧಕ ಗುರ್ ಎಂದದ್ದೂ ಕೇಳಿಸಿತು. ಆಮೇಲೆ ಎಡಗೈ ಮೇಲೆತ್ತಿ, ಕೊಂಚ ಒದ್ದಾಡಿ, ಟೋಪಿಯನ್ನು ತಲೆಯಿಂದ ಕಳಚಿದ. ಹಸಿರು ದೀಪ ಆರಿತು. ಅದನ್ನು ಮಡಿಲಲ್ಲಿ ಇಟ್ಟುಕೊಂಡು, ಬೆಂಚಿನ ಮೇಲೆ ಕಷ್ಟಪಟ್ಟು ಒಂದು ಗೇಣು ಸರಿದು ಜಾಗ ಮಾಡಿದ.

ವಾರಿಜ ಚೀಲ ಕೆಳಗಿಟ್ಟು ಕೂತಳು. ಎದುರು ಮನೆಯವರು ಗೇಟು ತೆಗೆದು ಸ್ಕೂಟರು ಒಳಗೆ ತಳ್ಳಿಕೊಂಡರು. ಸೊಪ್ಪಿನವಳು ಕೂಗುತ್ತಾ ಹೋದಳು. ಇಬ್ಬರೂ ಬೀದಿ ನೋಡುತ್ತಿದ್ದರು.